ಸನ್ಮಾನದ ಶಾಲು ಮತ್ತು ಕೆಂಪು ಶಾಯಿ

ಹಳೆಯ ವಿದ್ಯಾರ್ಥಿಗಳ ಸಂಘದವರು ಈ ವರ್ಷ ಜೀತ ವಿಮೋಚನೆಗಾಗಿ ದುಡಿದವರನ್ನು ಸನ್ಮಾನಿಸಬೇಕೆಂದು ಯೋಚಿಸಿ, ನನ್ನ ಅಭಿಪ್ರಾಯ ಕೇಳಿದ್ದೀರಿ. ಸಂತೋಷ. ಆದರೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಎರಡು ನಿಮಿಷ ಮಾತನಾಡಿಸಿ ಕಳುಹಿಸುವುದಾದರೆ ನನ್ನ ಸಮ್ಮತಿಯಿಲ್ಲ.

ಇಂತಹವರ ಕೆಲಸದ ಸ್ವರೂಪ ತಿಳಿಯಲು ಸ್ವಾಮಿ ಅಗ್ನಿವೇಶರನ್ನು ನೆನೆಯಬೇಕು. ಕಲ್ಕತ್ತೆಯಲ್ಲಿ ಕಾಲೇಜು ಅಧ್ಯಾಪಕರಾಗಿದ್ದವರು (ನಮ್ಮ ವೃತ್ತಿಯವರೇ!) ಕಾವಿ ತೊಟ್ಟು, 1981ರಲ್ಲಿ ಬಂಧುವಾ ಮುಕ್ತಿ ಮೋರ್ಚಾ ಸ್ಥಾಪಿಸಿದರು. ಹರಿಯಾಣದ ಫರೀದಾಬಾದಿನ ಕಲ್ಲುಗಣಿ ಕೂಲಿಗಳ ದುಃಸ್ಥಿತಿಯನ್ನು ಕುರಿತು ಆ ಸಂಸ್ಥೆ ಬರೆದ ಪತ್ರವನ್ನೇ ಸರ್ವೋಚ್ಚ ನ್ಯಾಯಾಲಯವು ಅರ್ಜಿಯೆಂದು ಅಂಗೀಕರಿಸಿತು. 1983ರ ಡಿಸೆಂಬರಿನಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿಯವರಿದ್ದ ಪೀಠ ನೀಡಿದ ತೀರ್ಪಿನ ಒಂದಂಶ ನನ್ನನ್ನು ಇಂದಿಗೂ ಕಾಡುತ್ತದೆ. ಬಲವಂತದ ದುಡಿಮೆ ಕಂಡುಬಂದರೆ ಅದು ಮುಂಗಡ ಸಾಲಕ್ಕಾಗಿಯೇ ಎಂದು ಭಾವಿಸಬೇಕು. ಅಲ್ಲವೆಂದು ಸಾಬೀತುಪಡಿಸುವ ಹೊಣೆ ಮಾಲೀಕನದು. ಅಕ್ಷರವರಿಯದ ಕೂಲಿ ಸಾಲದ ಕಾಗದವನ್ನು ಎಲ್ಲಿಂದ ತಂದಾನು? ಈ ಅಗ್ನಿವೇಶರಿಗೆ 2004ರಲ್ಲಿ ಸ್ವೀಡನ್ನಿನ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು; 2018ರಲ್ಲಿ ಝಾರ್ಖಂಡದ ಪಾಕುರಿನಲ್ಲಿ ಗುಂಪಿನಿಂದ ಏಟೂ ಬಿತ್ತು. 2020ರಲ್ಲಿ ತೀರಿಕೊಂಡರು.

ಕಾಡುವುದಕ್ಕೆ ಕಾರಣವಿದೆ. ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಬ್ರಹಾಂ ಲಿಂಕನ್ನರ ಪಾಠವನ್ನು ಬಹಳ ಆವೇಶದಿಂದ ಮಾಡುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ದಸರಾ ರಜೆಯ ಅನಂತರ ಬರಲಿಲ್ಲ. ತಂದೆಯ ಸಾಲಕ್ಕಾಗಿ ಊರಿನ ಶ್ರೀಮಂತರೊಬ್ಬರ ಮನೆಯಲ್ಲಿ ಜೀತಕ್ಕೆ ನಿಂತಿದ್ದ. ಇಂತಹ ಸಾಲವೇ ರದ್ದೆಂದು 1976ರ ಕಾಯಿದೆ ಸಾರಿ ಹತ್ತು ವರ್ಷ ಕಳೆದಿತ್ತು. ದನ ಹೊಡೆದುಕೊಂಡು ಶಾಲೆಯ ಮುಂದೆಯೇ ಹೋಗುತ್ತಿದ್ದ. ನನ್ನನ್ನು ಕಂಡರೆ ನಿಂತು ನಮಸ್ಕರಿಸುತ್ತಿದ್ದ. ನಾನು ತಹಸೀಲ್ದಾರರಿಗೆ ಒಂದು ಕಾರ್ಡು ಬರೆಯಲಿಲ್ಲ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ‘ಶಾಲೆ ಬಿಟ್ಟಿದ್ದಾನೆ’ ಎಂದು ಬರೆದೆ. ಬಿಟ್ಟವನು ಅವನಲ್ಲ.

ಆದ್ದರಿಂದ, ನಮ್ಮ ರಾಜ್ಯದಲ್ಲೇ ಜೀತದವರ ನಡುವೆ ದುಡಿಯುತ್ತ ಬಂದಿರುವ ‘ಜೀವಿಕ’ ಸಂಘಟನೆಯಂತಹವರನ್ನು ಕರೆಯಿರಿ. ಜೀತದಿಂದ ಬಿಡುಗಡೆಯಾದವರನ್ನೂ ವೇದಿಕೆಯ ಮೇಲೆ ಕೂರಿಸಿ. ಶಾಸಕರ ಭಾಷಣದ ಸಮಯವನ್ನು ಅವರಿಗೇ ಕೊಡಿ. ಬಿಡುಗಡೆ ಪತ್ರಕ್ಕಾಗಿ ಕಾದಿರುವವರು ನಮ್ಮ ತಾಲ್ಲೂಕಿನಲ್ಲಿ ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿ. ಆ ಪತ್ರವಿಲ್ಲದೆ ಸರ್ಕಾರದ ಪುನರ್ವಸತಿ ನೆರವು ದೊರೆಯುವುದು ಕಷ್ಟ. ನಿಮ್ಮಲ್ಲಿ ವಕೀಲರಿದ್ದೀರಿ, ಕಂದಾಯ ಇಲಾಖೆಯವರೂ ಇದ್ದೀರಿ.

ನನ್ನನ್ನು ಮೊದಲ ಸಾಲಿನಲ್ಲಿ ಕೂರಿಸುವುದು ಬೇಡ. ಅರ್ಜಿ ಬರೆಯುವುದಿದ್ದರೆ ಹೇಳಿಕಳುಹಿಸಿ. ಕೈ ಇನ್ನೂ ನಡುಗುತ್ತಿಲ್ಲ.