ನಾಚಿಕೆಯೂ ಅಪಮಾನವೂ

ಕನ್ನಡದ ‘ನಾಚಿಕೆ’ ಬಹಳ ಹೊರೆ ಹೊತ್ತ ಮಾತು. ಮದುವಣಗಿತ್ತಿ ತಲೆ ತಗ್ಗಿಸಿದರೂ ನಾಚಿಕೆ. ಸಿಕ್ಕಿಬಿದ್ದ ಕಳ್ಳನು ತಲೆ ತಗ್ಗಿಸಿದರೂ ನಾಚಿಕೆ. ‘ನಾಚಿಕೆಯಿಲ್ಲದವನು’ ಎಂದು ಬೈಯುವಾಗ ಅದು ಇರಬೇಕಾದ ಗುಣ; ‘ನಾಚಿಕೆ ಬಿಟ್ಟು ಕೇಳು’ ಎನ್ನುವಾಗ ತೊರೆಯಬೇಕಾದ ದೋಷ. ದಿನಬಳಕೆಯಲ್ಲಿ ಇದರಿಂದ ತೊಡಕಿಲ್ಲ. ಆದರೆ ಕ್ರೈಸ್ತರ ಹೊಸ ಒಡಂಬಡಿಕೆಯಂಥ ಗ್ರಂಥವನ್ನು ಓದುವಾಗ ಈ ಒಂದೇ ಮಾತು ಸಾಲದಾಗುತ್ತದೆ; ಏಕೆಂದರೆ ಅದರ ಮೂಲವಾದ ಗ್ರೀಕ್ ಭಾಷೆಯಲ್ಲಿ ಈ ಭಾವಕ್ಕೆ ಹಲವು ಹೆಸರುಗಳಿವೆ.

ಮೊದಲನೆಯದು ‘ಐದೋಸ್’. ತಪ್ಪು ಮಾಡುವ ಮುನ್ನವೇ ಕೈಹಿಡಿದು ತಡೆಯುವ ಸಂಕೋಚವಿದು. ಇದು ಎಳೆಯರಿಗೆ ಒಪ್ಪುವ ಭಾವವೆಂದ ಅರಿಸ್ಟಾಟಲನು ಇದನ್ನು ಪೂರ್ಣ ಸದ್ಗುಣವೆಂದು ಎಣಿಸಲಿಲ್ಲ. ನಮ್ಮ ಗೀತೆಯ ಹದಿನಾರನೆಯ ಅಧ್ಯಾಯವಾದರೋ ‘ಹ್ರೀ’ಯನ್ನು ದೈವೀಸಂಪತ್ತಿನಲ್ಲಿಯೇ ಸೇರಿಸಿದೆ. ಇಂದು ವಿದ್ವಾಂಸರು ಒಪ್ಪುವ ಮೂಲಪಾಠದಲ್ಲಿ ‘ಐದೋಸ್’ ಬರುವುದು ಒಂದೇ ಕಡೆ, ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರದಲ್ಲಿ.

ಎರಡನೆಯದು ‘ಐಸ್ಖ್ಯುನೆ’. ಕುರೂಪ, ಹೀನ ಎಂಬ ಅರ್ಥದ ಮಾತಿಗೆ ಇದು ನಂಟು. ಹೊಸ ಒಡಂಬಡಿಕೆಯಲ್ಲಿ ಇದು ಆರು ಸಲ ಬರುತ್ತದೆ. ಲೂಕನ ಸುವಾರ್ತೆಯ ಔತಣದ ಸಾಮತಿಯಲ್ಲಿ, ಮೊದಲ ಪೀಠದಲ್ಲಿ ಕುಳಿತವನು ಎಲ್ಲರೆದುರಿಗೆ ಎದ್ದು ಕಡೆಯ ಸ್ಥಾನಕ್ಕೆ ನಡೆಯುವಾಗ ಪಡುವ ಪಾಡೇ ಐಸ್ಖ್ಯುನೆ. ನೋಡುವ ಕಣ್ಣುಗಳಿಲ್ಲದಿದ್ದರೆ ಆ ಪಾಡೂ ಇಲ್ಲ.

ಇದೇ ಮಾತು ಇಬ್ರಿಯರಿಗೆ ಬರೆದ ಪತ್ರದ ಹನ್ನೆರಡನೆಯ ಅಧ್ಯಾಯದಲ್ಲಿ ಯೇಸುವಿನ ಮರಣದ ಪ್ರಸ್ತಾಪದೊಡನೆ ಬರುತ್ತದೆ. ಅವನು ಶಿಲುಬೆಯನ್ನು ಸಹಿಸಿದನು, ಅದರ ಐಸ್ಖ್ಯುನೆಯನ್ನು ಲಕ್ಷಿಸಲಿಲ್ಲ ಎಂಬುದು ಅಲ್ಲಿಯ ತಾತ್ಪರ್ಯ. ಇದನ್ನು ‘ನಾಚಿಕೆ’ ಎಂದುಬಿಟ್ಟರೆ ಅವನು ಒಳಗೊಳಗೇ ನಾಚಿದ್ದನೆಂದು ಓದುಗನು ತಿಳಿದಾನು. ರೋಮನ್ನರ ಕಾಲದಲ್ಲಿ ಶಿಲುಬೆಯೆಂಬುದು ಮುಖ್ಯವಾಗಿ ಗುಲಾಮರಿಗೂ ದಂಗೆಕೋರರಿಗೂ ಮೀಸಲಾದ ಮರಣ. ಕ್ರಿ.ಪೂ. 71ರಲ್ಲಿ ಸ್ಪಾರ್ಟಕಸನ ಅನುಯಾಯಿಗಳಾದ ಸುಮಾರು 6,000 ಮಂದಿಯನ್ನು ಕಪುವಾದಿಂದ ರೋಮಿನವರೆಗೆ ಹೆದ್ದಾರಿಯುದ್ದಕ್ಕೂ ಶಿಲುಬೆಗೇರಿಸಿದರು. ಶಿಲುಬೆಯ ಹೆಸರು ಕೂಡ ರೋಮನ್ ಪ್ರಜೆಯ ಕಿವಿಯ ಬಳಿ ಸುಳಿಯಬಾರದೆಂದು ಕ್ರಿ.ಪೂ. 63ರಲ್ಲಿ ಸಿಸೆರೋ ವಾದಿಸಿದನು. ಆ ಶಿಕ್ಷೆಯ ಉದ್ದೇಶ ಕೊಲ್ಲುವುದಷ್ಟೇ ಅಲ್ಲ, ಹತ್ತು ಜನರ ಮುಂದೆ ಮಾನ ಕಳೆಯುವುದು. ಆದುದರಿಂದ ಇಲ್ಲಿ ಸಲ್ಲುವ ಮಾತು ‘ಅಪಮಾನ’. ಜೊತೆಗಿರುವ ಕ್ರಿಯಾಪದಕ್ಕೂ ‘ಕೀಳಾಗಿ ಎಣಿಸು’ ಎಂದೇ ಅರ್ಥ. ಲೋಕವು ಅವನನ್ನು ಕೀಳುಮಾಡಿತು. ಅವನು ಆ ಕೀಳುಮಾಡುವಿಕೆಯನ್ನೇ ಕೀಳೆಂದೆಣಿಸಿದನು. ನೋವನ್ನು ಅಲ್ಲಗಳೆಯಲಿಲ್ಲ, ನೋಡುವವರ ತೀರ್ಪನ್ನು ಮಾತ್ರ ಒಪ್ಪಲಿಲ್ಲ.

ಹಾಗಾದರೆ ನಾಚಿಕೆಯೇ ಬೇಡವೆ? ಬೇಕು, ಅದಕ್ಕಾಗಿ ಮೂರನೆಯ ಮಾತು, ‘ಎಂತ್ರೊಪೆ’, ಇದೆ. ‘ಒಳಕ್ಕೆ ತಿರುಗು’ ಎಂಬ ಧಾತುವಿನಿಂದ ಬಂದುದು. ವ್ಯುತ್ಪತ್ತಿಯೇ ಅರ್ಥವಲ್ಲ, ನಿಜ. ಆದರೆ ಮಾರ್ಕನ ಸುವಾರ್ತೆಯ ದ್ರಾಕ್ಷಿಯ ತೋಟದ ಸಾಮತಿಯಲ್ಲಿ ಇದೇ ಕ್ರಿಯಾಪದ ‘ಗೌರವಿಸು’ ಎಂಬ ಅರ್ಥದಲ್ಲಿ ಬಳಕೆಯಾಗಿರುವುದು ಗಮನಾರ್ಹ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ನಾಲ್ಕನೆಯ ಅಧ್ಯಾಯದಲ್ಲಿ ಪೌಲನು, ನಿಮ್ಮನ್ನು ನಾಚಿಸುವುದಕ್ಕಲ್ಲ, ಪ್ರೀತಿಯ ಮಕ್ಕಳೆಂದು ಬುದ್ಧಿಹೇಳುವುದಕ್ಕೆ ಬರೆಯುತ್ತಿದ್ದೇನೆ ಎನ್ನುತ್ತಾನೆ. ಆರನೆಯ ಅಧ್ಯಾಯದಲ್ಲಿ, ತಮ್ಮತಮ್ಮೊಳಗಿನ ವ್ಯಾಜ್ಯವನ್ನು ನ್ಯಾಯಾಲಯಕ್ಕೆ ಒಯ್ದವರಿಗೆ, ನಾಚಿಸುವುದಕ್ಕೇ ಹೇಳುತ್ತಿದ್ದೇನೆ ಎನ್ನುತ್ತಾನೆ. ಇದು ವಿರೋಧವೆಂದು ತೋರಬಹುದು. ನನಗೆ ಇದು ಕ್ರಮವೆಂದು ತೋರುತ್ತದೆ. ಮೊದಲು ಮಕ್ಕಳೆಂಬ ಭರವಸೆ, ಆಮೇಲೆ ಖಾರವಾದ ಮಾತು. ಭರವಸೆ ಪಡೆದವನು ಮಾತ್ರ ಒಳಕ್ಕೆ ತಿರುಗಿ ನೋಡಬಲ್ಲನು; ಉಳಿದವನು ಮುಖ ಮುಚ್ಚಿಕೊಳ್ಳುವನು, ಇಲ್ಲವೆ ಮೊಂಡನಾಗುವನು.

ಬಡತನ, ಹುಟ್ಟು, ಉಡುಪು, ಉಚ್ಚಾರಣೆ ಇವುಗಳಿಗಾಗಿ ತಲೆ ತಗ್ಗಿಸುವ ವಿದ್ಯಾರ್ಥಿಗಳು ನಮ್ಮ ತರಗತಿಗಳಲ್ಲಿದ್ದಾರೆ. ಅವರು ಪಡುವುದು ನಾಚಿಕೆಯಲ್ಲ, ಅಪಮಾನ. ತಪ್ಪು ಅವರದಲ್ಲ, ನೋಡುವ ಕಣ್ಣಿನದು. ಇವೆರಡನ್ನೂ ಒಂದೇ ಹೆಸರಿನಿಂದ ಕರೆಯುವವರೆಗೂ ಅಪಮಾನ ಮಾಡಿದವನು ತಾನು ತಿದ್ದಿದೆನೆಂದು ನಂಬಿಕೊಂಡೇ ಇರುತ್ತಾನೆ. ಅನುವಾದಕನು ಮಾತ್ರವಲ್ಲ, ಅಧ್ಯಾಪಕನೂ ಈ ಎರಡು ಮಾತುಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳುವುದು ಲೇಸು.