ಕಡಲಿಗೆ ಹೋಗುವ ಓಣಿ

ಮೊಬೈಲ್ ಮ್ಯಾಪ್ ತೆರೆದರೆ ಉಳ್ಳಾಲದ ಹತ್ತಿರದ ನಮ್ಮ ಅಜ್ಜಿ ಮನೆ ಪಕ್ಕ ಕಡಲಿಗೆ ಹೋಗುವ ಓಣಿ ಈಗಲೂ ಕಾಣುತ್ತದೆ. ನಿಜಕ್ಕೂ ಅಲ್ಲಿ ನಡೆದುಕೊಂಡು ಹೋದರೆ ಓಣಿಯ ತುದಿಯಲ್ಲಿ ಆಳೆತ್ತರದ ಕಪ್ಪು ಕಲ್ಲಿನ ರಾಶಿ. ಅದರಾಚೆ ಮರಳಿಲ್ಲ, ನೇರ ನೀರು.

ಹೋದ ಜೂನ್‌ನಲ್ಲಿ ಮಾವ ಫೋನ್ ಮಾಡಿದಾಗ ನಾನು ಬೆಂಗಳೂರಿನ ಆಫೀಸಲ್ಲಿ ಮೀಟಿಂಗ್‌ನಲ್ಲಿದ್ದೆ. "ಎರಡು ತೆಂಗಿನಮರ ಹೋಯ್ತು ಮಾರಾಯ. ಬಾವಿ ನೀರು ಉಪ್ಪಾಗಿದೆ. ನೀನು ಕಲಿತವ ಅಲ್ವಾ, ಒಂದು ಲೆಟರ್ ಮಾಡಿ ಕಳಿಸು" ಅಂದರು. ಅರ್ಧ ಗಂಟೆಯಲ್ಲಿ ಮಾಡಿ ಕಳಿಸಿದೆ. ಸರ್ವೆ ನಂಬರ್, ಫೋಟೋ, ಲೊಕೇಶನ್ ಎಲ್ಲಾ ಹಾಕಿ. ಕೆಲವೇ ವಾರದಲ್ಲಿ ಲಾರಿಗಟ್ಟಲೆ ಕಲ್ಲು ಬಂದು ಬಿತ್ತು. ನನ್ನ ಲೆಟರ್‌ನಿಂದಲೇ ಬಂದದ್ದು ಅಂತ ಮಾವ ಊರಿಡೀ ಹೇಳಿದರು. ನಾನೂ ಅಲ್ಲ ಅನ್ನಲಿಲ್ಲ.

ಚೌತಿಗೆ ಊರಿಗೆ ಹೋದೆ. ನಮ್ಮ ಮನೆ ಗಟ್ಟಿಯಾಗಿ ನಿಂತಿತ್ತು. ಕಲ್ಲಿನ ಗೋಡೆ ಓಣಿಯ ಬಾಯಿಯನ್ನೂ ಮುಚ್ಚಿಕೊಂಡು ಬಂದು, ಸರಿಯಾಗಿ ನಮ್ಮ ಕಂಪೌಂಡಿನ ಮೂಲೆಯಲ್ಲಿ ಮುಗಿದಿತ್ತು. ಅಲ್ಲಿಂದಾಚೆ ಪಕ್ಕದ ಮನೆ. ಅವರ ಅಡುಗೆಕೋಣೆ ಅರ್ಧ ಇರಲಿಲ್ಲ.

ಗೋಡೆಗೆ ಬಡಿದ ಅಲೆ ಸುಮ್ಮನಾಗುವುದಿಲ್ಲ. ವಾಪಸ್ ಹೋಗುವಾಗ ಬುಡದ ಮರಳನ್ನು ಕೆರೆದುಕೊಂಡು ಹೋಗುತ್ತದೆ. ಗೋಡೆ ಎಲ್ಲಿ ಮುಗಿಯುತ್ತದೋ ಅಲ್ಲಿ ಮೆತ್ತಗಿನ ನೆಲ ಸಿಗುತ್ತದೆ, ಅಲ್ಲಿ ಕೊರೆತ ಜೋರು. ಇದು ಹೊಸ ಸಂಶೋಧನೆ ಏನಲ್ಲ, ಓದಿದರೆ ಸಿಗುವಂಥದ್ದು. ಲೆಟರ್ ಬರೆಯುವ ಮೊದಲು ನಾನು ಓದಲಿಲ್ಲ ಅಷ್ಟೆ. ಆಫೀಸಲ್ಲಿ ಒಂದು ಬಗ್ ಸರಿ ಮಾಡುವ ಮೊದಲು ಅದು ಬೇರೆ ಎಲ್ಲಿ ಏನು ಮುರಿಯುತ್ತದೆ ಅಂತ ನೋಡುತ್ತೇವಲ್ಲ, ಅದನ್ನೂ ಮಾಡಲಿಲ್ಲ.

ನಮ್ಮ ಕಡೆ ಕಡಲ್ಕೊರೆತದ ಕತೆಯೇ ಹೀಗೆ. 1990ರ ದಶಕದಲ್ಲಿ ನೇತ್ರಾವತಿ-ಗುರುಪುರ ನದಿಗಳ ಅಳಿವೆಬಾಗಿಲಲ್ಲಿ ಮೀನುಗಾರಿಕೆ ಬೋಟುಗಳು ಸುರಕ್ಷಿತವಾಗಿ ಹೋಗಿಬರಲಿ ಅಂತ ಕಲ್ಲಿನ ಬ್ರೇಕ್‌ವಾಟರ್ ಕಟ್ಟಿದರು. ಒಳ್ಳೆ ಉದ್ದೇಶವೇ. ಆದರೆ ದಡದುದ್ದಕ್ಕೂ ಓಡಾಡುವ ಮರಳಿಗೆ ಅದು ಅಡ್ಡ ಬಂತು. ಬಡಗಿನ ಬೆಂಗ್ರೆಯಲ್ಲಿ ಮರಳು ಕೂಡಿತು, ತೆಂಕಿನ ಉಳ್ಳಾಲದಲ್ಲಿ ಕರಗಿತು. ಆಮೇಲೆ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕ್ ಸಾಲದಲ್ಲಿ ನೀರಿನಡಿ ರೀಫ್, ದಡದಲ್ಲಿ ಬರ್ಮ್ ಅಂತ ದೊಡ್ಡ ಕೆಲಸವೂ ಆಯಿತು. ಮಳೆಗಾಲದಲ್ಲಿ ಮನೆ ಬೀಳುವ ಸುದ್ದಿ ಮಾತ್ರ ನಿಂತಿಲ್ಲ.

ಅಜ್ಜಿಯ ಲೆಕ್ಕ ಬೇರೆ. "ಮಳೆಗಾಲದಲ್ಲಿ ಕಡಲು ಮರಳು ತೆಗೊಂಡು ಹೋಗ್ತದೆ, ದೀಪಾವಳಿ ಕಳೆದ ಮೇಲೆ ತಂದು ಹಾಕ್ತದೆ" ಅನ್ನುತ್ತಿದ್ದರು. ಅದು ಸುಳ್ಳಲ್ಲ, ನಮ್ಮ ಬೀಚುಗಳು ವರ್ಷಕ್ಕೊಮ್ಮೆ ಹಾಗೆಯೇ ಸಣ್ಣದಾಗಿ ದೊಡ್ಡದಾಗುತ್ತವೆ. ಈ ಸಲ ಡಿಸೆಂಬರ್ ಬಂದರೂ ಗೋಡೆಯ ಮುಂದೆ ಮರಳು ಬಂದಿಲ್ಲ. ಅಜ್ಜಿ ಸಂಜೆ ಹೊತ್ತು ಪ್ಲಾಸ್ಟಿಕ್ ಕುರ್ಚಿ ಹಾಕಿ ಅಂಗಳದಲ್ಲಿ ಕೂರುತ್ತಾರೆ. ಕಡಲು ಕೇಳುತ್ತದೆ, ಕಾಣುವುದಿಲ್ಲ.

ಚೌತಿಯ ಮರುದಿನ ಪಕ್ಕದ ಮನೆಯ ಅಣ್ಣ ಬಂದರು. ಸಣ್ಣ ದೋಣಿಯಲ್ಲಿ ಮೀನು ಹಿಡಿಯುವವರು. ದೋಣಿ ಎಳೆಯಲು ಓಣಿ ಇಲ್ಲ, ಈಗ ಸುತ್ತು ಹಾಕಿ ಬೇರೆಯವರ ಜಾಗದಲ್ಲಿ ಇಡುತ್ತಾರೆ. ಚಹಾ ಕುಡಿದು ಮುಗಿಸಿ, ಸಿಟ್ಟೇನೂ ಇಲ್ಲದೆ ಕೇಳಿದರು: "ನಿನ್ನ ಲೆಟರಲ್ಲಿ ನಮ್ಮ ಮನೆದು ಉಂಟಾ?"

ಇರಲಿಲ್ಲ. ಓಣಿಯ ವಿಷಯವೂ ಇರಲಿಲ್ಲ.

ಅವರು ಕೇಳುವುದು ಎರಡೇ. ಅವರ ಮನೆಗೂ ರಕ್ಷಣೆ ಬೇಕು, ಓಣಿಯ ತುದಿಯಲ್ಲಿ ಕಲ್ಲು ಸರಿಸಿ ದೋಣಿ ಇಳಿಸುವಷ್ಟು ಜಾಗ ಬೇಕು. ಮಾವ ಒಪ್ಪುವುದಿಲ್ಲ. "ಜಾಗ ಬಿಟ್ಟರೆ ಮುಂದಿನ ಮಳೆಗೆ ನೀರು ಸೀದಾ ನಮ್ಮ ಜಗಲಿಗೆ" ಅನ್ನುತ್ತಾರೆ. ಅದೂ ತಪ್ಪಲ್ಲ, ಅದೇ ಕಷ್ಟ. 2011ರ ಸಿಆರ್‌ಝಡ್ ಅಧಿಸೂಚನೆಯಲ್ಲಿ ಎರಡು ಬೀಚ್ ರೆಸಾರ್ಟುಗಳ ನಡುವೆ ಜನ ಕಡಲಿಗೆ ಹೋಗಲು ಕನಿಷ್ಠ 20 ಮೀಟರ್ ಬಿಡಬೇಕು ಅಂತ ಇತ್ತು. ಮಾವನಿಗೆ ಓದಿ ಹೇಳಿದೆ. "ನಮ್ಮದೇನು ರೆಸಾರ್ಟಾ?" ಅಂದರು. ಉತ್ತರ ಇರಲಿಲ್ಲ ನನ್ನಲ್ಲಿ.

ಈಗ ಎರಡನೇ ಲೆಟರ್ ಬರೆದಿದ್ದೇನೆ. ಗೋಡೆಯ ಎರಡೂ ತುದಿಯನ್ನು ಎಂಜಿನಿಯರ್ ಬಂದು ನೋಡಬೇಕು, ಪಕ್ಕದ ನಾಲ್ಕು ಮನೆಗಳನ್ನು ಸೇರಿಸಬೇಕು, ಓಣಿಗೆ ಓರೆಯಾಗಿ ಒಂದು ಇಳಿಜಾರು ಬಿಡಬೇಕು. ನೇರ ಬಿಟ್ಟರೆ ತಾನೆ ಅಲೆ ನೇರ ಬರುವುದು? ಆಗುತ್ತದೋ ಇಲ್ಲವೋ ಅವರು ಹೇಳಲಿ, ನಾನು ಸಾಫ್ಟ್‌ವೇರಿನವ. ಪಕ್ಕದ ಮನೆಯವರದ್ದು ಸೇರಿ ಐದು ಸಹಿ ಆಗಿದೆ. ಅಜ್ಜಿ ಹೆಬ್ಬೆಟ್ಟು ಒತ್ತಿದ್ದಾರೆ. ಮನೆ ಪಟ್ಟೆ ಮಾವನ ಹೆಸರಲ್ಲಿದೆ, ಅವರ ಸಹಿ ಬೇಕು. ನಿನ್ನೆ ಫೋನಲ್ಲಿ ಕೇಳಿದೆ.

"ಊರಿಗೆ ಬಾ, ಅಳತೆ ಟೇಪ್ ತಾ" ಅಂದರು. ಶುಕ್ರವಾರ ರಾತ್ರಿ ಬಸ್ಸಿಗೆ ಟಿಕೆಟ್ ಮಾಡಿದ್ದೇನೆ.