ಮನೆಯಲ್ಲೇ ದುಡಿಮೆ: ನೌಕರರೋ, ಸ್ವತಂತ್ರ ಗುತ್ತಿಗೆದಾರರೋ?

ಅಮೆರಿಕದ ಆಸ್ಪತ್ರೆಗಳಲ್ಲಿ ವೈದ್ಯರು ರೋಗಿಯನ್ನು ಪರೀಕ್ಷಿಸಿದ ಮೇಲೆ ತಾವು ಕಂಡದ್ದನ್ನು ಬಾಯಿಮಾತಿನಲ್ಲಿ ಹೇಳಿ ಧ್ವನಿಮುದ್ರಿಸುವ ರೂಢಿ ಬಹಳ ಹಿಂದಿನದು. ರೋಗದ ಹಿನ್ನೆಲೆ, ರಕ್ತದೊತ್ತಡ, ಕೊಟ್ಟ ಔಷಧ, ಮಾಡಿದ ಶಸ್ತ್ರಚಿಕಿತ್ಸೆ ಎಲ್ಲವೂ ಅದರಲ್ಲಿರುತ್ತವೆ. ಆ ಧ್ವನಿಯನ್ನು ಕಿವಿಗೊಟ್ಟು ಕೇಳಿ, ತಪ್ಪಿಲ್ಲದಂತೆ ಟೈಪು ಮಾಡಿ, ರೋಗಿಯ ದಾಖಲೆಯಾಗಿಸುವ ಕೆಲಸಕ್ಕೆ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಎಂದು ಹೆಸರು. ‘ಹೈಪರ್‌ಟೆನ್ಷನ್’ ಎಂದರೆ ಅಧಿಕ ರಕ್ತದೊತ್ತಡ. ‘ಹೈಪೊಟೆನ್ಷನ್’ ಎಂದರೆ ಕಡಿಮೆ ರಕ್ತದೊತ್ತಡ. ಒಂದಕ್ಷರ ತಪ್ಪಿ ಕೇಳಿಸಿದರೆ ಅರ್ಥವೇ ತಲೆಕೆಳಗು.

1990ರ ದಶಕದಲ್ಲಿ ಈ ಕೆಲಸ ಸಮುದ್ರ ದಾಟಿ ಬೆಂಗಳೂರಿಗೂ ಬಂತು. ಚಳಿಗಾಲದಲ್ಲಿ ನ್ಯೂಯಾರ್ಕ್‌ನಲ್ಲಿ ರಾತ್ರಿ ಎಂಟು ಗಂಟೆಯಾದಾಗ ಇಲ್ಲಿ ಮರುದಿನ ಬೆಳಗಿನ ಆರೂವರೆ. ಅಲ್ಲಿನ ವೈದ್ಯರು ಮಲಗಿ ಏಳುವುದರೊಳಗೆ ಇಲ್ಲಿ ವರದಿ ಸಿದ್ಧವಾಗುತ್ತಿತ್ತು. ಜೀವಶಾಸ್ತ್ರ ಓದಿದ ಎಷ್ಟೋ ಪದವೀಧರರಿಗೆ ಇದೇ ಮೊದಲ ನೌಕರಿಯಾಯಿತು. ಕಂಪ್ಯೂಟರ್, ಹೆಡ್‌ಫೋನ್ ಮತ್ತು ಧ್ವನಿಯನ್ನು ನಿಲ್ಲಿಸಿ ಮುಂದುವರಿಸಲು ಕಾಲಿನಿಂದ ಒತ್ತುವ ಪೆಡಲ್ ಇದ್ದರೆ ಮನೆಯಲ್ಲೇ ಕುಳಿತು ಮಾಡಬಹುದಾದ ಕೆಲಸವಿದು. ಆದ್ದರಿಂದ ಅಮೆರಿಕದಲ್ಲಿ ಚಿಕ್ಕ ಮಕ್ಕಳ ತಾಯಂದಿರು ಇದನ್ನು ಹೆಚ್ಚಾಗಿ ಆರಿಸಿಕೊಂಡರು. ಅವರೆಲ್ಲರ ಮುಂದೆ ಬಂದ ಪ್ರಶ್ನೆ ಒಂದೇ: ಕಂಪನಿಯ ನೌಕರರಾಗಿ ಸೇರುವುದೋ, ಸ್ವತಂತ್ರ ಗುತ್ತಿಗೆದಾರರಾಗಿ ದುಡಿಯುವುದೋ?

ಹೆಸರಿನಲ್ಲಿ ಗೊಂದಲ ಬೇಡ

ನಮ್ಮಲ್ಲಿ ‘ಗುತ್ತಿಗೆ ನೌಕರ’ ಎಂಬ ಮಾತು ಬಳಕೆಯಲ್ಲಿದೆ. ಅವನು ಗುತ್ತಿಗೆದಾರನ ಕೈಕೆಳಗಿನ ನೌಕರ ಅಥವಾ ಗೊತ್ತಾದ ಅವಧಿಗೆ ನೇಮಕಗೊಂಡ ನೌಕರ. ಸ್ವತಂತ್ರ ಗುತ್ತಿಗೆದಾರ ಬೇರೆ. ಅವನಿಗೆ ಮಾಲೀಕನಿಲ್ಲ, ಗಿರಾಕಿಗಳಿದ್ದಾರೆ. ಅವನು ಸಂಬಳ ಪಡೆಯುವುದಿಲ್ಲ, ಬಿಲ್ಲು ಬರೆದು ಹಣ ಪಡೆಯುತ್ತಾನೆ. ಮನೆಗೆ ಬಣ್ಣ ಬಳಿಯಲು ಒಪ್ಪಿಕೊಂಡ ಮೇಸ್ತ್ರಿ ತನ್ನದೇ ಏಣಿ, ತನ್ನದೇ ಕುಂಚ, ತನ್ನದೇ ಆಳುಗಳನ್ನು ತರುತ್ತಾನೆ. ಲಾಭವೋ ನಷ್ಟವೋ ಅವನದೇ. ಸ್ವತಂತ್ರ ಗುತ್ತಿಗೆದಾರನೆಂದರೆ ಇಂಥವನು.

ಮನೆಯಲ್ಲಿ ಕುಳಿತು ಟೈಪು ಮಾಡುವಾಕೆ ಯಾವ ಬಗೆಯವಳು? ಮನೆ ಆಕೆಯದು, ಕುರ್ಚಿ ಆಕೆಯದು. ಇಷ್ಟರಿಂದಲೇ ಆಕೆ ಗುತ್ತಿಗೆದಾರಳಾಗಿಬಿಡುವುದಿಲ್ಲ. ಅಮೆರಿಕದ ತೆರಿಗೆ ಇಲಾಖೆ ಇದನ್ನು ನಿರ್ಧರಿಸಲು ಮೂರು ಬಗೆಯ ಸಂಗತಿಗಳನ್ನು ನೋಡುತ್ತದೆ. ಮೊದಲನೆಯದು, ಕೆಲಸದ ಮೇಲಿನ ಹಿಡಿತ. ಯಾವ ಹೊತ್ತಿನಲ್ಲಿ, ಯಾವ ಕ್ರಮದಲ್ಲಿ, ಹೇಗೆ ಮಾಡಬೇಕೆಂದು ಹೇಳುವವರು ಯಾರು? ಎರಡನೆಯದು, ಹಣದ ಮೇಲಿನ ಹಿಡಿತ. ಉಪಕರಣದ ಖರ್ಚು ಯಾರದು? ನಷ್ಟದ ಸಾಧ್ಯತೆ ಯಾರಿಗಿದೆ? ಬೇರೆ ಗಿರಾಕಿಗಳನ್ನು ಹಿಡಿಯಲು ಸ್ವಾತಂತ್ರ್ಯವಿದೆಯೇ? ಮೂರನೆಯದು, ಇಬ್ಬರ ನಡುವಿನ ಸಂಬಂಧ. ರಜೆ, ವಿಮೆ, ಪಿಂಚಣಿಗಳಿವೆಯೇ? ಕೆಲಸ ಮುಂದುವರಿಯುವಂಥದ್ದೇ? ಒಪ್ಪಂದದಲ್ಲಿ ‘ಗುತ್ತಿಗೆದಾರಳು’ ಎಂದು ದಪ್ಪಕ್ಷರದಲ್ಲಿ ಬರೆದು ಸಹಿ ಹಾಕಿಸಿಕೊಂಡಿದ್ದರೂ ಅದೊಂದೇ ಸಾಲದು. ನಿಜವಾಗಿ ಕೆಲಸ ನಡೆಯುವ ಬಗೆಯೇ ಮುಖ್ಯ.

ಅಲ್ಲಿನ ಮೇಲ್ಮನವಿ ನ್ಯಾಯಾಲಯವೊಂದು 1985ರಲ್ಲಿ ಕೊಟ್ಟ ತೀರ್ಪು ಇದಕ್ಕೆ ಒಳ್ಳೆಯ ಉದಾಹರಣೆ. ದೂರವಾಣಿ ಮೂಲಕ ಮಾರಾಟ ನಡೆಸುವ ಕಂಪನಿಯೊಂದು ಹೆಸರುಗಳ ಪಟ್ಟಿ ಕೊಟ್ಟು, ಅವರ ಫೋನ್ ನಂಬರುಗಳನ್ನು ಮನೆಯಲ್ಲೇ ಹುಡುಕಿಸುತ್ತಿತ್ತು. ಸಿಕ್ಕಿದ ನಂಬರಿಗೆ ಇಷ್ಟು ಸೆಂಟ್ ಎಂದು ಕೂಲಿ. ಯಾವಾಗ ಬೇಕಾದರೂ ಮಾಡಬಹುದಿತ್ತು, ಆದ್ದರಿಂದ ಅವರು ಗುತ್ತಿಗೆದಾರರು ಎಂಬುದು ಕಂಪನಿಯ ವಾದ. ನ್ಯಾಯಾಲಯ ಒಪ್ಪಲಿಲ್ಲ. ಹೊತ್ತಿನ ಸ್ವಾತಂತ್ರ್ಯ ಮನೆಗೆಲಸದ ಸ್ವಭಾವದಲ್ಲೇ ಇದೆ. ಅವರು ಹಾಕಿದ ಬಂಡವಾಳ ಅತ್ಯಲ್ಪ, ಲಾಭನಷ್ಟದ ಅವಕಾಶವೂ ಅತ್ಯಲ್ಪ, ಅವರ ದುಡಿಮೆಯಿಲ್ಲದೆ ಕಂಪನಿಯ ವ್ಯವಹಾರ ಸಾಗದು ಎಂದು ಕಂಡು ಅವರನ್ನು ನೌಕರರೆಂದೇ ತೀರ್ಮಾನಿಸಿತು.

ಒಂದು ಸೆಂಟಿನ ಆಸೆ

ಈ ಕೆಲಸಕ್ಕೆ ಸಾಮಾನ್ಯವಾಗಿ ಸಾಲಿನ ಲೆಕ್ಕದಲ್ಲಿ ಹಣ ಕೊಡುತ್ತಾರೆ. ಅಕ್ಷರ ಮತ್ತು ಖಾಲಿ ಜಾಗ ಸೇರಿ 65 ಆದರೆ ಒಂದು ಸಾಲು ಎಂಬುದು ರೂಢಿಯ ಅಳತೆ. ಲೆಕ್ಕ ತಿಳಿಯಲು ಹೀಗೆ ಊಹಿಸಿಕೊಳ್ಳೋಣ: ನೌಕರಿಯಾದರೆ ಸಾಲಿಗೆ 8 ಸೆಂಟ್, ಗುತ್ತಿಗೆಯಾದರೆ 9 ಸೆಂಟ್. ಗಂಟೆಗೆ 200 ಸಾಲು ಟೈಪು ಮಾಡಿದರೆ ನೌಕರಳಿಗೆ 16 ಡಾಲರ್, ಗುತ್ತಿಗೆದಾರಳಿಗೆ 18 ಡಾಲರ್. ಮೇಲ್ನೋಟಕ್ಕೆ ಗುತ್ತಿಗೆಯೇ ಲಾಭ.

ಈಗ ಕಡಿತ ನೋಡೋಣ. ಅಮೆರಿಕದಲ್ಲಿ ಮುಪ್ಪಿನ ಪಿಂಚಣಿ ಮತ್ತು ವೃದ್ಧರ ವೈದ್ಯಕೀಯ ನೆರವಿಗಾಗಿ ನೌಕರರ ಸಂಬಳದಿಂದ ಶೇ 7.65 ಕಡಿತವಾಗುತ್ತದೆ. ಅಷ್ಟೇ ಹಣವನ್ನು ಮಾಲೀಕನೂ ತನ್ನ ಕೈಯಿಂದ ಕಟ್ಟಬೇಕು. ಗುತ್ತಿಗೆದಾರಳಿಗೆ ಮಾಲೀಕನೇ ಇಲ್ಲದ್ದರಿಂದ ಎರಡೂ ಪಾಲು, ಎಂದರೆ ಶೇ 15.3, ಆಕೆಯದೇ. ಸಣ್ಣದೊಂದು ರಿಯಾಯಿತಿ ಉಂಟು: ಈ ತೆರಿಗೆಯನ್ನು ನಿವ್ವಳ ಸಂಪಾದನೆಯ ಶೇ 92.35 ಭಾಗದ ಮೇಲೆ ಮಾತ್ರ ಹಾಕುತ್ತಾರೆ. 100ರಿಂದ 7.65 ಕಳೆದರೆ ಬರುವ ಸಂಖ್ಯೆಯೇ ಇದು.

ಹಾಗಾಗಿ ನೌಕರಳ 16 ಡಾಲರಿನಲ್ಲಿ ಉಳಿಯುವುದು ಸುಮಾರು 14.78, ಗುತ್ತಿಗೆದಾರಳ 18 ಡಾಲರಿನಲ್ಲಿ ಉಳಿಯುವುದು ಸುಮಾರು 15.46. ಎರಡು ಡಾಲರಿನ ಅಂತರ 68 ಸೆಂಟಿಗೆ ಇಳಿಯಿತು. ಇನ್ನು ರಜೆ. ಸಂಬಳಸಹಿತ ರಜೆ ಕೊಡಲೇಬೇಕೆಂದು ಅಮೆರಿಕದ ಕೇಂದ್ರ ಕಾನೂನು ಹೇಳುವುದಿಲ್ಲ, ಆದರೆ ಅನೇಕ ಕಂಪನಿಗಳು ಕೊಡುತ್ತವೆ. ವರ್ಷಕ್ಕೆ 2,000 ಗಂಟೆಯ ಲೆಕ್ಕದಲ್ಲಿ ನೌಕರಳಿಗೆ ಹತ್ತು ದಿನ, ಅಂದರೆ 80 ಗಂಟೆ, ಸಂಬಳಸಹಿತ ರಜೆ ಇದೆಯೆನ್ನಿ. ಆಕೆಗೆ ಉಳಿಯುವುದು 29,552 ಡಾಲರ್. ಅಷ್ಟೇ ದಿನ ಬಿಡುವು ತೆಗೆದುಕೊಂಡ ಗುತ್ತಿಗೆದಾರಳಿಗೆ 1,920 ಗಂಟೆಯ ದುಡಿಮೆಗೆ ಉಳಿಯುವುದು ಸುಮಾರು 29,677. ವರ್ಷದ ವ್ಯತ್ಯಾಸ ಬರೇ 125 ಡಾಲರ್!

ಈ 125 ಡಾಲರಿನಲ್ಲಿ ಕಂಪ್ಯೂಟರ್ ರಿಪೇರಿ, ಇಂಟರ್‌ನೆಟ್, ವೈದ್ಯಕೀಯ ನಿಘಂಟು, ಎಲ್ಲಕ್ಕಿಂತ ಮಿಗಿಲಾಗಿ ಸ್ವಂತ ಆರೋಗ್ಯ ವಿಮೆ ಎಲ್ಲವೂ ಆಗಬೇಕು. ವೃತ್ತಿಯ ಖರ್ಚನ್ನು ಆದಾಯದಿಂದ ಕಳೆದು ತೆರಿಗೆ ಕಟ್ಟುವ ಅನುಕೂಲ ಗುತ್ತಿಗೆದಾರಳಿಗೆ ಇದೆ ನಿಜ. ಆದರೆ ಖರ್ಚಾದ ಹಣ ಪೂರ್ತಿ ಹಿಂದಿರುಗುವುದಿಲ್ಲ. ತೆರಿಗೆಯ ಭಾಗವಷ್ಟೇ ಉಳಿಯುತ್ತದೆ. ತೆರಿಗೆಯನ್ನು ವರ್ಷಕ್ಕೆ ನಾಲ್ಕು ಕಂತುಗಳಲ್ಲಿ ತಾನೇ ಅಂದಾಜು ಮಾಡಿ ಕಟ್ಟುವ ಹೊಣೆಯೂ ಆಕೆಯದೇ. ಬಂದದ್ದನ್ನೆಲ್ಲ ಮನೆಖರ್ಚಿಗೆ ಬಳಸಿದವರು ಕಂತಿನ ದಿನ ಸಾಲ ಮಾಡಬೇಕಾಗುತ್ತದೆ.

ಕೆಲಸ ಬಾರದ ಗಂಟೆಗಳು

ಹೊಸಬರಿಗೆ ಇನ್ನೊಂದು ಅಪಾಯವಿದೆ. ವೈದ್ಯರ ಉಚ್ಚಾರಣೆ ತಿಳಿಯದೆ, ಔಷಧದ ಹೆಸರು ಹುಡುಕುತ್ತ, ಗಂಟೆಗೆ 70 ಸಾಲು ಮಾತ್ರ ಮುಗಿದರೆ 8 ಸೆಂಟಿನಂತೆ ಸಿಗುವುದು 5 ಡಾಲರ್ 60 ಸೆಂಟ್. ಅಮೆರಿಕದ ಕೇಂದ್ರ ಸರ್ಕಾರ 2009ರಲ್ಲಿ ನಿಗದಿ ಮಾಡಿದ ಕನಿಷ್ಠ ವೇತನ ಗಂಟೆಗೆ 7 ಡಾಲರ್ 25 ಸೆಂಟ್. ವಾರದ ಲೆಕ್ಕದಲ್ಲಿ ಗಳಿಕೆ ಇದಕ್ಕಿಂತ ಕಡಿಮೆಯಾದರೆ, ನೌಕರಳಿಗೆ ಕೊರತೆಯನ್ನು ಮಾಲೀಕ ತುಂಬಿಕೊಡಬೇಕು. ವಾರಕ್ಕೆ 40 ಗಂಟೆ ಮೀರಿದರೆ ಒಂದೂವರೆ ಪಟ್ಟು ಕೂಲಿ. ಹೇಳಿದ ಹೊತ್ತಿಗೆ ಕಂಪ್ಯೂಟರ್ ಮುಂದೆ ಕುಳಿತು, ಧ್ವನಿಯ ಕಡತ ಬಾರದೆ ಕಾಯುವ ಸಮಯವೂ ನೌಕರಿಯ ಸಮಯವೇ. ಗುತ್ತಿಗೆದಾರಳಿಗೆ ಇದಾವುದೂ ಇಲ್ಲ. ಕೆಲಸ ತಪ್ಪಿದರೆ ನಿರುದ್ಯೋಗ ಭತ್ಯೆಯ ಆಸರೆಯೂ ಸಾಮಾನ್ಯವಾಗಿ ಇಲ್ಲ.

ಹಾಗಾದರೆ ಗುತ್ತಿಗೆ ಯಾರಿಗೂ ಬೇಡವೇ? ಹಾಗಲ್ಲ. ಅನುಭವ ಇರುವವರು, ಮೂರು ನಾಲ್ಕು ವೈದ್ಯರನ್ನು ನೇರವಾಗಿ ಗಿರಾಕಿಯಾಗಿ ಹಿಡಿದವರು, ದರವನ್ನು ತಾವೇ ಹೇಳಬಲ್ಲವರು, ಗಂಡನ ಅಥವಾ ಹೆಂಡತಿಯ ಕಡೆಯಿಂದ ಆರೋಗ್ಯ ವಿಮೆ ಇರುವವರು ಅದರಲ್ಲಿ ಚೆನ್ನಾಗಿ ಗಳಿಸಬಲ್ಲರು. ಒಂದೇ ಕಂಪನಿಗೆ, ಅದು ಹೇಳಿದ ಹೊತ್ತಿಗೆ, ಅದು ಹೇಳಿದ ದರಕ್ಕೆ ದುಡಿಯುತ್ತ ಹೆಸರಿಗೆ ಮಾತ್ರ ಸ್ವತಂತ್ರರಾಗಿರುವುದು ಎರಡು ಕಡೆಯ ನಷ್ಟ.

ಮದುವೆಯಾಗಿ ಅಮೆರಿಕಕ್ಕೆ ಹೋಗುವ ಹೆಣ್ಣುಮಕ್ಕಳ ತಂದೆತಾಯಿಗಳು ಒಂದು ವಿಷಯ ಗಮನಿಸಬೇಕು. ಗಂಡನ ಉದ್ಯೋಗ ವೀಸಾದ ಆಧಾರದಲ್ಲಿ ಎಚ್-4 ವೀಸಾ ಪಡೆದು ಹೋದವರು ಪ್ರತ್ಯೇಕ ಅನುಮತಿಯಿಲ್ಲದೆ ಅಲ್ಲಿ ದುಡಿಯುವಂತಿಲ್ಲ. ‘ಮನೆಯಲ್ಲೇ ತಾನೆ, ಗುತ್ತಿಗೆ ತಾನೆ’ ಎಂಬ ಸಮಾಧಾನ ಕಾನೂನಿನ ಮುಂದೆ ನಡೆಯದು.

ನಮ್ಮಲ್ಲಿ

ಈ ಪ್ರಶ್ನೆ ನಮಗೆ ಹೊಸದಲ್ಲ. ದಕ್ಷಿಣ ಕನ್ನಡದ ಮನೆಮನೆಗಳಲ್ಲಿ ಹೆಂಗಸರು ಎಲೆ, ಹೊಗೆಸೊಪ್ಪು ತಂದು ಬೀಡಿ ಕಟ್ಟಿ ಕೊಟ್ಟು, ಸಾವಿರಕ್ಕೆ ಇಷ್ಟು ಎಂದು ಕೂಲಿ ಪಡೆದರು. 1966ರ ಬೀಡಿ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕುಳಿತು ಕಟ್ಟುವವರನ್ನೂ ಕಾರ್ಮಿಕರ ಲೆಕ್ಕಕ್ಕೆ ಸೇರಿಸಿತು. 1974ರಲ್ಲಿ ಸುಪ್ರೀಂ ಕೋರ್ಟ್ ಆ ಕಾಯ್ದೆಯನ್ನು ಎತ್ತಿಹಿಡಿಯಿತು. ಬೀಡಿಗೆ ಅನ್ವಯಿಸಿದ ತತ್ವವೇ ಅಕ್ಷರಕ್ಕೂ ಸಲ್ಲುತ್ತದೆ: ಎಲ್ಲಿ ಕುಳಿತಿದ್ದಾರೆ ಎಂಬುದಕ್ಕಿಂತ ಯಾರಿಗಾಗಿ, ಯಾರ ಹಿಡಿತದಲ್ಲಿ ದುಡಿಯುತ್ತಿದ್ದಾರೆ ಎಂಬುದು ದೊಡ್ಡದು.

ಇತ್ತೀಚಿನ ವರ್ಷಗಳಲ್ಲಿ ಕಂಪ್ಯೂಟರೇ ಧ್ವನಿಯನ್ನು ಅಕ್ಷರಕ್ಕೆ ಇಳಿಸುತ್ತದೆ. ಮನುಷ್ಯರಿಗೆ ಉಳಿದಿರುವುದು ಬಹುಮಟ್ಟಿಗೆ ತಿದ್ದುವ ಕೆಲಸ. ತಿದ್ದುವುದಕ್ಕೆ ಸಾಲಿನ ದರವೂ ಕಡಿಮೆ. ಆದ್ದರಿಂದ ಇದೊಂದನ್ನೇ ಬದುಕಿನ ದಾರಿ ಎಂದು ನಂಬಿ ಸಾವಿರಾರು ರೂಪಾಯಿ ತರಬೇತಿ ಶುಲ್ಕ ಕಟ್ಟುವ ಮುನ್ನ ವಿದ್ಯಾರ್ಥಿಗಳು ಯೋಚಿಸಬೇಕು. ಕೆಲಸ ಕೊಡಲು ಠೇವಣಿ ಕೇಳುವವರಿಂದ ದೂರವಿರುವುದೇ ಲೇಸು.

ಮನೆಯಿಂದ ಮಾಡುವ ಯಾವ ಕೆಲಸಕ್ಕಾಗಲಿ, ಮಗನೋ ಮಗಳೋ ಸಹಿ ಹಾಕುವ ಮೊದಲು ಪಾಲಕರು ಜೊತೆಗೆ ಕುಳಿತು ಒಪ್ಪಂದವನ್ನು ಓದಲಿ. ನೇಮಕಾತಿ ಪತ್ರವಿದೆಯೇ, ಸಂಬಳದ ಚೀಟಿ ಬರುತ್ತದೆಯೇ, ಭವಿಷ್ಯನಿಧಿಗೆ ಮಾಲೀಕನ ಪಾಲು ಸೇರುತ್ತದೆಯೇ, ಕೆಲಸ ಬಾರದ ದಿನದ ಗತಿಯೇನು, ತಪ್ಪಾದರೆ ಹೊಣೆ ಯಾರದು, ಹಣ ಎಷ್ಟು ದಿನಕ್ಕೆ ಕೈಸೇರುತ್ತದೆ ಎಂದು ಕೇಳಲಿ. ಉತ್ತರಗಳನ್ನು ಬರವಣಿಗೆಯಲ್ಲೇ ಪಡೆಯಲಿ. ಆಮೇಲೆ ಕಾಗದ ಪೆನ್ಸಿಲ್ ಹಿಡಿದು ಮೇಲಿನಂತೆ ಒಂದು ವರ್ಷದ ಲೆಕ್ಕ ಹಾಕಿ ನೋಡಲಿ. ಹತ್ತನೆಯ ತರಗತಿಯ ಗಣಿತ ಅದಕ್ಕೆ ಧಾರಾಳ ಸಾಕು.